ಒಳಗೆ ಹಿಡಿದ ಹೊಲಿಗೆ

"ಇನ್ನೊಂಚೂರು ಎತ್ತಿ ಮಾಮ," ಎಂದಳು ಮಗಳು. ಎಷ್ಟು ಎತ್ತಿದರೂ ಬೆಂಚಿನ ಮೇಲೆ ಹೆಣವಾಗಿ ಮಲಗಿದ್ದ ಅಪ್ಪನ ಸೆಟೆದ ಕೈ ಅಂಗಿಯ ತೋಳಿಗೆ ಇಳಿಯಲೊಲ್ಲದು.

"ಬಗಲ ಹೊಲಿಗೆ ಬಿಚ್ಚಮ್ಮ, ಬೇರೆ ದಾರಿಯಿಲ್ಲ," ಎಂದ ಕಾಜಾ ಮಾಮ. ಅಪ್ಪನ ದರ್ಜಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಂಡಿ, ಕಾಜಾ ಹೊಲಿದವನಿಗೆ ಆ ಹೆಸರೇ ಅಂಟಿಕೊಂಡಿತ್ತು.

ಅವಳು ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಬ್ಲೇಡು ತಂದಳು. ಬಾಗಿಲಲ್ಲಿ ಅತ್ತೆಯದು ಅದೇ ರಾಗ: "ಊರಿಗೆಲ್ಲ ಅಳತೆ ತಗೊಂಡ ನನ್ನ ತಮ್ಮ, ತನ್ನದು ಮಾತ್ರ ಯಾರಿಗೂ ಕೊಡಲಿಲ್ಲ. ಎರಡು ವರ್ಷ ಒಳಗೊಳಗೇ ಕೊಳೀತಿದ್ರೂ ಮನೇಲಿದ್ದೋರಿಗೆ ಕಾಣಲಿಲ್ಲವಂತೆ!"

ಮನೇಲಿದ್ದೋರು ಅಂದರೆ ಮಗಳೊಬ್ಬಳೇ. ಅದು ಬಂದವರಿಗೆಲ್ಲ ಗೊತ್ತಿತ್ತು.

"ಸೊಂಟನೋವು ಅಂತಿದ್ದ ಕಣಕ್ಕ," ಮಾಮ ಅಡ್ಡಬಾಯಿ ಹಾಕಿದ. "ಬಗ್ಗಿ ಹೊಲಿಯೋರಿಗೆ ಸೊಂಟನೋವು ಮನೆ ನೆಂಟ ಇದ್ದ ಹಾಗೆ. ನಂಗೂ ಇದೆ."

"ನೀನು ಬದುಕಿದ್ದೀಯಲ್ಲ!"

*

ಅಂದು ಆಸ್ಪತ್ರೆಯಲ್ಲಿ ವೈದ್ಯೆ ಅಪ್ಪನ ಸ್ಕ್ಯಾನನ್ನು ಬೆಳಕಿಗೆ ಹಿಡಿದಿದ್ದಳು. "ಕಿಡ್ನಿ ಬಾಯಿಗೆ ಕಲ್ಲು ಕೂತಿದೆ. ಅದರ ಹಿಂದೆ ಬ್ಯಾಕ್ಟೀರಿಯಾ ಸೋಂಕು ಬೂದಿ ಮುಚ್ಚಿದ ಕೆಂಡದ ಹಾಗೆ ಇದ್ದು ಇದ್ದು, ಕಿಡ್ನಿನೇ ಹಳದಿ ಗಡ್ಡೆ ಮಾಡಿದೆ. ಬಹಳ ಅಪರೂಪ ಇದು. ಜ್ವರ ಬರ್ತಿರಲಿಲ್ವಾ?"

"ಬರ್ತಿತ್ತು. ಮಾತ್ರೆಗೆ ಹೋಗ್ತಿತ್ತು. ಮತ್ತೆ ಬರ್ತಿತ್ತು."

"ಹದಿನೆಂಟು ಕೆಜಿ ಇಳಿದಿದ್ದಾರಲ್ಲಮ್ಮ. ಅದೂ ಗೊತ್ತಾಗಲಿಲ್ವಾ?"

"ಅಂಗಿ ಎಲ್ಲ ಸರಿಯಾಗೇ ಕೂರ್ತಿತ್ತು ಡಾಕ್ಟ್ರೇ."

ವೈದ್ಯೆ ಅವಳನ್ನೇ ಒಮ್ಮೆ ನೋಡಿ, ಆಪರೇಷನ್ನಿನ ಕಾಗದಕ್ಕೆ ಸಹಿ ಕೇಳಿದಳು. ಕಿಡ್ನಿ ತೆಗೆಯುವಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಪ್ಪ ಐಸಿಯುನಲ್ಲಿದ್ದ ಕೊನೆಯ ಹನ್ನೊಂದು ದಿನವೂ ತಾನಾಡಿದ ದಡ್ಡ ಮಾತು ಅವಳನ್ನು ಚುಚ್ಚುತ್ತಿತ್ತು.

*

ಬಗಲಿನಿಂದ ಕೆಳಗಿನವರೆಗೆ ಹೊಲಿಗೆ ಬಿಟ್ಟಿತು. ಒಳಗಿನ ಅಂಚು ಒಂದು ಬೆರಳಿರಬೇಕಿತ್ತು, ನಾಲ್ಕು ಬೆರಳಿತ್ತು. ಅದರ ಮೇಲೆ ಹಿಂದೆ ಬಿಚ್ಚಿದ ಹೊಲಿಗೆಗಳ ಸೂಜಿತೂತು, ಸಾಲಿನ ಪಕ್ಕ ಸಾಲು. ಮೈ ಇಳಿದಾಗಲೆಲ್ಲ ಅಪ್ಪ ಅಂಗಿಯನ್ನೂ ಒಳಗೆ ಹಿಡಿದು ಬಿಗಿ ಮಾಡಿದ್ದ.

"ನಿಮಗೆ ಗೊತ್ತಿತ್ತಾ ಮಾಮ?"

"ಊಟಕ್ಕೆ ನನ್ನ ಕಳಿಸಿ ಏನೋ ಹೊಲೀತಿದ್ದ. ಗಿರಾಕಿದು ಅಂದ." ಮಾಮ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಎಷ್ಟು ನೀಟಾಗಿ ಹೊಲಿದಿದ್ದಾರೆ ನೋಡಿ," ಎಂದಳು. ಸಿಟ್ಟಿನಿಂದ ಅಂಗಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು.

"ಬೇಗ ಆಗ್ಲಿ, ಗಾಡಿ ಬಂತು," ಅತ್ತೆ ಕೂಗಿದಳು.

ಇನ್ನೊಂದು ಬಗಲನ್ನೂ ಬಿಚ್ಚಿ ಅಂಗಿ ತೊಡಿಸಿದರು. ಅಪ್ಪನ ಮೈ ಮುಚ್ಚಿ ಮಿಕ್ಕ ಬಟ್ಟೆ ಬೆಂಚಿನ ಎರಡೂ ಪಕ್ಕ ಇಳಿಬಿದ್ದಿತ್ತು. ಅಂಗಿಯೆಲ್ಲ ಮಾಸಿದ್ದರೂ, ಬಿಸಿಲು ಕಾಣದ ಆ ನಾಲ್ಕು ಬೆರಳ ಪಟ್ಟಿಯಲ್ಲಿ ನೀಲಿ ಇನ್ನೂ ಹೊಸದಾಗಿತ್ತು.