ಮುನಿತಾಯಮ್ಮನ ಫ್ರೀಜರ್ ಮೂರನೇ ಮಹಡಿ ಹತ್ತಿದ್ದು

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಗೆ ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬಂದ ದಿನ ನಿಮಗೂ ಈ ಪೇಚು ಬಂದಿರುತ್ತದೆ. ಹೊತ್ತು ತಂದ ಇಬ್ಬರು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿರುತ್ತಾರೆ. ಅವರ ಕೈಗೆ ಏನಾದರೂ ಕೊಡಬೇಕೋ ಬೇಡವೋ? ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಫ್ಯಾನ್ ನೋಡುತ್ತಾಳೆ. ಅಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿರುತ್ತಾರೆ. ನಮ್ಮ ಕುರುಬರಹಳ್ಳಿಯಲ್ಲಿ ಇದೇ ಪ್ರಶ್ನೆ ಮೂವತ್ತು ಕೆಜಿ ಹಿತಕಿದ ಬೇಳೆಗೆ ಸಂಚಕಾರ ತಂದಿತ್ತು. ಕಣ್ಣಾರೆ ಕಂಡವಳು ನಾನು, ಹೇಳುತ್ತೇನೆ ಕೇಳಿ.

ಮುನಿತಾಯಮ್ಮ ನಮ್ಮ ಮಹಿಳಾ ಸಂಘದವರು. ವಯಸ್ಸು ಅರವತ್ತು ದಾಟಿದೆ, ಬೆರಳಿಗೆ ಮಾತ್ರ ಇನ್ನೂ ಹದಿನಾರು. ನೆನೆಸಿದ ಅವರೆಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿತುಕಿ, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ ಹಾರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಈ ಅವರೆಕಾಯಿ ಕಾಲದಲ್ಲಿ ಬಸವೇಶ್ವರನಗರದ ಅಡುಗೆ ಕಂಟ್ರಾಕ್ಟರ್ ಒಬ್ಬರು ಭಾನುವಾರದ ಮದುವೆಗೆಂದು ಮೂವತ್ತು ಕೆಜಿ ಬೇಳೆ ಹೇಳಿದ್ದರು. ಚೆನ್ನಾಗಿದ್ದರೆ ಸೀಸನ್ ಪೂರ್ತಿ ಮುನಿತಾಯಮ್ಮನ ಹತ್ತಿರವೇ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಹಿತಕಿದ ಬೇಳೆ ಹೊರಗಿದ್ದರೆ ಬೇಗ ಹುಳಿ ವಾಸನೆ ಹಿಡಿಯುತ್ತದೆ. ಅದಕ್ಕೇ ಮುನಿತಾಯಮ್ಮ ತಮ್ಮ ಸ್ವಂತ ಉಳಿತಾಯದಲ್ಲಿ ಒಂದು ದೊಡ್ಡ ಫ್ರೀಜರ್ ಕೊಂಡರು. ಅವರ ಹೆಸರಿನಲ್ಲಿ ಬಿಲ್ಲಾದ ಮೊದಲ ಸಾಮಾನು ಅದು. ಶುಕ್ರವಾರ ಬೆಳಿಗ್ಗೆ ಬರುತ್ತದೆಂದು ಗೊತ್ತಾದ ಮೇಲೆ ನಾವು ಆರು ಜನ ಗುರುವಾರವೇ ಅವರ ಮನೆಯಲ್ಲಿ ಹಿತುಕಲು ಕೂತೆವು.

ಅವರ ಯಜಮಾನರು ಮುನಿವೆಂಕಟಪ್ಪ. ಇದೇ ಊರಿನ ಹಳೇ ಮನೆತನ. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಮೂರು ಮಹಡಿ ಕಟ್ಟಿದ್ದಾರೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ನಡುವೆ ಬಾಡಿಗೆಯವರು, ತುತ್ತತುದಿಯಲ್ಲಿ ತಾವು. ಲಿಫ್ಟ್ ಇಲ್ಲ. ಮನುಷ್ಯ ಒಳ್ಳೆಯವರು, ಆದರೆ ಎರಡು ವಿಷಯದಲ್ಲಿ ಬಲು ಹಠ. ಒಂದು ರಾಹುಕಾಲ, ಇನ್ನೊಂದು ಟಿಪ್ಸ್.

ಫ್ರೀಜರ್ ಗಾಡಿ ಬಂದದ್ದು ಹತ್ತೂಮುಕ್ಕಾಲಿಗೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಹೊಸ ಸಾಮಾನು ಆ ಹೊತ್ತಿನಲ್ಲಿ ಗೇಟು ದಾಟಕೂಡದೆಂದು ಯಜಮಾನರು ಗೇಟಿಗೆ ಅಡ್ಡ ನಿಂತರು. ಬಂದವರು ಅಮರೇಶ, ಹನುಮೇಶ, ಇಬ್ಬರೂ ರಾಯಚೂರು ಕಡೆಯವರು. ಇನ್ನೂ ನಾಲ್ಕು ಮನೆಗೆ ಸಾಮಾನು ಮುಟ್ಟಿಸಬೇಕು ಎಂದು ಅಮರೇಶ ಕೈ ಮುಗಿದು ಕೇಳಿದ. ಯಜಮಾನರು ಕ್ಯಾಲೆಂಡರ್ ತೋರಿಸಿದರು. ಒಂದೂಕಾಲು ಗಂಟೆ ಅವರು ಬಿಸಿಲಲ್ಲಿ ಗಾಡಿಗೆ ಒರಗಿ ನಿಂತರು. ನಾವು ಮೇಲಿನಿಂದ ಬಗ್ಗಿ ನೋಡಿ ಮತ್ತೆ ಕಾಳು ಹಿತುಕಿದೆವು. ಒಂದು ಲೋಟ ನೀರು ಕೊಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಹನ್ನೆರಡು ಹೊಡೆದ ಮೇಲೆ ಅವರು ಫ್ರೀಜರ್ ಇಳಿಸಿ ಮೆಟ್ಟಿಲ ಬುಡದಲ್ಲಿ ಇಟ್ಟರು. ಅಮರೇಶ ಬಿಲ್ ತೋರಿಸಿದ. ಸಾಗಣೆ ನೆಲಮಹಡಿಯವರೆಗೆ ಮಾತ್ರ ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಮೂರನೇ ಮಹಡಿಗೆ ಏರಿಸಲು ಇನ್ನೊಂದು ತಾಸು ಬೇಕು, ಆ ಹೊತ್ತು ಇಲ್ಲೇ ಕಳೆದುಹೋಯಿತು ಎಂದ.

“ಡೆಲಿವರಿ ಚಾರ್ಜ್ ಕಟ್ಟಿದೀನಿ ಕಣಪ್ಪ. ಟಿಪ್ಸ್ ಕೀಳಕ್ಕೆ ಈ ನಾಟ್ಕ ಎಲ್ಲಾ ನನ್ ಹತ್ರ ಬೇಡ,” ಎಂದರು ಯಜಮಾನರು.

ಹನುಮೇಶನ ಮುಖ ಸಣ್ಣದಾಯಿತು. “ನಾವು ಟಿಪ್ಸ್ ಕೇಳಿಲ್ರೀ ಅಪ್ಪಾರ,” ಎಂದಷ್ಟೇ ಹೇಳಿ ಸಹಿ ಹಾಕಿಸಿಕೊಂಡ. ಗಾಡಿ ಹೊರಟುಹೋಯಿತು.

ಯಜಮಾನರಿಗೆ ರೋಷ ಬಂತು. ಹಾರ್ಡ್‌ವೇರ್ ಅಂಗಡಿಯ ಬೆಟ್ಟಯ್ಯನನ್ನು ಕರೆದು, ನಾವೇ ಏರಿಸೋಣ ಬಾ, ಇದೇನು ಮಹಾ ಎಂದರು. ನಾಲ್ಕನೇ ಮೆಟ್ಟಿಲಲ್ಲಿ ಫ್ರೀಜರ್ ನಿಂತಿತು, ಯಜಮಾನರ ಸೊಂಟವೂ ನಿಂತಿತು. ಅದನ್ನು ಮತ್ತೆ ಕೆಳಗಿಳಿಸಲು ಬೀದಿಯ ನಾಲ್ಕು ಜನ ಓಡಿ ಬರಬೇಕಾಯಿತು. ಕೆಳಗೇ ಇಟ್ಟು ಆನ್ ಮಾಡೋಣವೆಂದರೆ ಅದು ಸ್ಕೂಟರ್ ನಿಲ್ಲಿಸುವ ಜಾಗ, ಪ್ಲಗ್ ಇಲ್ಲ. ಅಂಗಡಿಯೊಳಗೆ ಪೈಪುಗಳ ಮಧ್ಯೆ ಬೆಟ್ಟಯ್ಯನೇ ಓರೆಯಾಗಿ ನಡೆಯುತ್ತಾನೆ.

ಎರಡು ಗಂಟೆಗೆ ಮುನಿತಾಯಮ್ಮ ಮೊದಲ ಟಬ್ಬಿಗೆ ಮೂಗು ಒಡ್ಡಿ ನೋಡಿದರು. ಹುಳಿ ವಾಸನೆ ಶುರುವಾಗಿತ್ತು. ಹಾಗೇ ಗೋಡೆಗೆ ಒರಗಿ ಕುಳಿತುಬಿಟ್ಟರು. ಎರಡು ದಿನದ ಕೆಲಸ, ಸೀಸನ್ನಿನ ಆರ್ಡರು, ಸಂಘದ ಮರ್ಯಾದೆ, ಎಲ್ಲ ಆ ಟಬ್ಬುಗಳಲ್ಲಿತ್ತು.

ಆಗ ಮೇಲೆ ಬಂದವಳು ಕಸ್ತೂರೆವ್ವ. ಗದಗದ ಕಡೆಯವಳು, ಮೊದಲನೇ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಾಳೆ, ನಮ್ಮ ಸಂಘದಲ್ಲೇ ಇದ್ದಾಳೆ. ಅವಳ ಗಂಡನದೂ ಫ್ರಿಜ್ಜು, ಬೀರು ಹೊರುವ ಕೆಲಸವೇ. ಬಂದವಳು ಮೊದಲು ಐಸ್ ತರಿಸಿ ಟಬ್ಬುಗಳ ಸುತ್ತ ಸುರಿಸಿದಳು. ಸಂಜೆಯವರೆಗೆ ತಡೆಯುತ್ತದೆ ಎಂದಳು. ಆಮೇಲೆ ಯಜಮಾನರ ಎದುರು ಕುಳಿತಳು.

“ಯಜಮಾನ್ರ, ಸಿಟ್ಟಾಗಬ್ಯಾಡ್ರಿ. ನೀವ್ ಕಟ್ಟಿದ್ ಚಾರ್ಜ್ ಕಂಪನಿಗೆ ಹೋಗ್ತೈತಿ. ನಮ್ಮ ಮನ್ಯಾರಿಗೆ ಒಂದ್ ಮನಿಗೆ ಇಷ್ಟು ಅಂತ ಕೊಡ್ತಾರ. ಐದ್ ಮನಿ ಮುಟ್ಟಿಸಿದ್ರ ಐದರದ್ದು, ಮೂರ್ ಮುಟ್ಟಿಸಿದ್ರ ಮೂರರದ್ದು. ಬಿಸಿಲಾಗ ನಿಲ್ಲಿಸಿದ ತಾಸಿಗೆ ಯಾರೂ ಕೊಡೂದಿಲ್ರಿ.”

ಯಜಮಾನರು ಸುಲಭಕ್ಕೆ ಒಪ್ಪುವವರಲ್ಲ. ಸಂಬಳ ಕೊಡುವುದು ಕಂಪನಿಯ ಕೆಲಸ, ನಾವು ಕೊಡಲು ಶುರು ಮಾಡಿದರೆ ಕಂಪನಿಯವರು ಇನ್ನೂ ಕಮ್ಮಿ ಕೊಡುತ್ತಾರೆ, ಅಲ್ಲದೆ ಇದು ಲಂಚಕ್ಕೆ ಸಮ ಎಂದು ವಾದಿಸಿದರು. ಅದರಲ್ಲಿ ಸತ್ಯವೂ ಇದೆ, ಕಸ್ತೂರೆವ್ವ ಅಲ್ಲಗಳೆಯಲಿಲ್ಲ.

“ಪಗಾರ ಕಂಪನಿನ ಕೊಡಬೇಕ್ರಿ, ಅದು ಖರೆ. ಟಿಪ್ಸ್ ಅದರ ಬದ್ಲಿ ಅಲ್ಲ. ಲಂಚ ಅಂದ್ರ ಕೊಡಲಿಲ್ಲಂದ್ರ ಕೆಲಸಾನ ಆಗೂದಿಲ್ಲ ಅಂತ ಕಿತ್ಗೊಳ್ಳೂದು. ಇದು ಕೆಲಸ ನೋಡಿ ನಾವಾಗೇ ಖುಷಿಲೆ ಕೊಡೂದು. ಕೊಡಾಕ ಆಗಲಿಲ್ಲಂದ್ರ ಬ್ಯಾಡ್ರಿ, ಒಂದ್ ತಂಬಿಗಿ ನೀರರ ಕೊಡ್ರಿ.”

ಮೇಲೆ ಏರಿಸುವುದೇ ಬೇರೆ, ಟಿಪ್ಸೇ ಬೇರೆ ಎಂದೂ ಅವಳು ಬಿಡಿಸಿ ಹೇಳಿದಳು. ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ ಎಂದು ಅಂಗಡಿಗೆ ಮೊದಲೇ ತಿಳಿಸಬೇಕು, ಅದಕ್ಕೆ ಬೇರೆ ದರವಿದ್ದರೆ ಕೇಳಿ ಬಿಲ್ಲಿಗೆ ಸೇರಿಸಿಕೊಳ್ಳಬೇಕು. ಬಂದ ಮೇಲೆ ಬಾಗಿಲಲ್ಲಿ ಚೌಕಾಸಿ ಮಾಡಿದರೆ ಇಬ್ಬರಿಗೂ ಬೇಸರ. ಯಜಮಾನರು ಕೇಳಿಸಿಕೊಂಡರು, ಆದರೆ ಮುಖ ಇನ್ನೂ ಬಿಗಿದೇ ಇತ್ತು.

ಆಗ ಗೋಡೆಗೆ ಒರಗಿದ್ದ ಮುನಿತಾಯಮ್ಮ ಬಾಯಿ ಬಿಟ್ಟರು. “ಊರ ಪಲ್ಲಕ್ಕಿ ಹೊರ್ತಿದ್ರಲ್ಲ ನೀವು. ನಮ್ಮಪ್ಪನ ಮನೆ ಮುಂದೆ ನಿಲ್ಸಿದಾಗ ನಿಮ್ಗೇನ್ ಕೊಡ್ತಿದ್ರು?”

ಅದರ ಉತ್ತರ ನಮಗೆಲ್ಲ ಗೊತ್ತಿತ್ತು. ಪ್ರಾಯದಲ್ಲಿ ಹದಿನೈದು ವರ್ಷ ಯಜಮಾನರು ಊರಮ್ಮನ ಹೂವಿನ ಪಲ್ಲಕ್ಕಿಗೆ ಹೆಗಲು ಕೊಟ್ಟವರು. ಪಲ್ಲಕ್ಕಿ ನಿಂತ ಮನೆಯವರೆಲ್ಲ ಹೊತ್ತವರಿಗೆ ಪಾನಕ ಕೊಟ್ಟು, ಹೆಗಲಿಗೆ ಒದ್ದೆ ಬಟ್ಟೆ ಹಾಕಿ, ಎಲೆ ಅಡಿಕೆಯ ಮೇಲೆ ಕಾಸಿಟ್ಟು ಕೊಡುತ್ತಿದ್ದರು. ಯಾರೂ ಅದನ್ನು ಲಂಚ ಎನ್ನಲಿಲ್ಲ. ಇವರ ಬಲ ಹೆಗಲ ಮೇಲೆ ಆಗ ಕಟ್ಟಿದ ಗಡ್ಡೆ ಇವತ್ತಿಗೂ ಇದೆ.

“ದೇವ್ರನ್ನ ಹೊತ್ತೋರ್ಗೆ ಪಾನಕ. ನನ್ ಫ್ರೀಜರ್ ಹೊತ್ತೋರ್ಗೆ ಬಿಸ್ಲು,” ಎಂದರು ಮುನಿತಾಯಮ್ಮ.

ಯಜಮಾನರ ಕೈ ತಾನಾಗಿ ಹೆಗಲಿಗೆ ಹೋಯಿತು. ಆಮೇಲೆ, ಬಿಲ್ಲಿನಲ್ಲಿ ಅಂಗಡಿಯ ಫೋನ್ ನಂಬರ್ ಇದೆಯೇ ನೋಡು ಎಂದು ಕಸ್ತೂರೆವ್ವನಿಗೆ ಹೇಳಿದರು.

ಫೋನನ್ನು ಅವರೇ ಮಾಡಿದರು. ಮೇಲೆ ಏರಿಸುವ ದರವನ್ನು ಬಿಲ್ಲಿಗೆ ಸೇರಿಸಲು ಅಂಗಡಿಯವರು ಒಪ್ಪಿದರು. ಆಮೇಲೆ ಅಮರೇಶನ ನಂಬರ್ ಪಡೆದು ಅವನಿಗೂ ಮಾಡಿದರು. ಮಧ್ಯಾಹ್ನ ಆಡಿದ ಮಾತು ತಪ್ಪಾಯಿತೆಂದು ಅವರ ಬಾಯಿಂದ ಬಂದದ್ದನ್ನು ನಾನು ಈ ಕಿವಿಯಿಂದಲೇ ಕೇಳಿದೆ. ಬಾಪೂಜಿ ನಗರದ ಮನೆಯೊಂದು ಬಾಕಿ ಇದೆ, ಮುಗಿಸಿ ಐದೂವರೆಗೆ ಬರುತ್ತೇವೆ ಎಂದ ಅಮರೇಶ.

ಅಷ್ಟು ಹೊತ್ತು ಯಜಮಾನರು ಸುಮ್ಮನೆ ಕೂರಲಿಲ್ಲ. ಸ್ಕೂಟರ್‌ಗಳನ್ನು ಬೀದಿಗೆ ತೆಗೆಸಿದರು, ಮೆಟ್ಟಿಲ ಮೇಲಿನ ತುಳಸಿ ಕುಂಡ, ಚಪ್ಪಲಿ ಸ್ಟ್ಯಾಂಡ್ ಎತ್ತಿಸಿದರು. ಬೆಟ್ಟಯ್ಯನ ಟೇಪು ತಂದು ಫ್ರೀಜರನ್ನೂ ಮೆಟ್ಟಿಲ ತಿರುವುಗಳನ್ನೂ ಅಳೆದರು. ಎರಡನೇ ಮಹಡಿಯ ತಿರುವಿನಲ್ಲಿ ಎರಡು ಬೆರಳಷ್ಟೇ ಜಾಗ ಮಿಕ್ಕಿತು. ಮುನಿತಾಯಮ್ಮ ಬೆಲ್ಲ ಕರಗಿಸಿ, ನಿಂಬೆಹಣ್ಣು ಹಿಂಡಿ, ಏಲಕ್ಕಿ ಪುಡಿ ಹಾಕಿ ಒಂದು ಬಿಂದಿಗೆ ಪಾನಕ ಮಾಡಿದರು. ಈ ಸಲ ಕ್ಯಾಲೆಂಡರ್ ಕಡೆ ಯಾರೂ ತಿರುಗಿ ನೋಡಲಿಲ್ಲ.

ಅವರು ಬಂದರು. ಮೊದಲು ಕೂರಿಸಿ ಪಾನಕ ಕೊಟ್ಟೆವು. ಹನುಮೇಶ ಎರಡು ಲೋಟ ಕುಡಿದ. ಆಮೇಲೆ ಇಬ್ಬರೂ ಹೆಗಲಿಗೆ ಪಟ್ಟಿ ಬಿಗಿದು ಎತ್ತಿದರು. ಮೊದಲ ಮಹಡಿ ದಾಟಿತು. ಎರಡನೆಯ ತಿರುವಿನಲ್ಲಿ ಫ್ರೀಜರ್ ಗೋಡೆಗೂ ಕಂಬಿಗೂ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಭಾರವೆಲ್ಲ ಕೆಳಗಿದ್ದ ಅಮರೇಶನ ಮೇಲೆ ಬಿತ್ತು.

ಆಗ ಮೇಲಿನಿಂದ ಯಜಮಾನರ ದನಿ ಬಂತು. ಹಳೇ ಊರಿನ ಕಿರಿದಾದ ಬೀದಿಗಳಲ್ಲಿ ಪಲ್ಲಕ್ಕಿ ತಿರುಗಿಸುವಾಗ ಕೂಗುತ್ತಿದ್ದ ಅದೇ ದನಿ. “ಹಿಂದ್ಲೋರು ಕೂತ್ಕೊಳ್ಳಿ, ಮುಂದ್ಲೋರು ಎತ್ಕೊಳ್ಳಿ. ಹೋ... ಎಡಕ್ಕೆ ವಾಲಿಸ್ಕೊಂಡು ಬನ್ನಿ. ಹೋ...”

ಅಮರೇಶ ಮಂಡಿ ಬಗ್ಗಿಸಿದ, ಹನುಮೇಶ ಎದೆಯೆತ್ತರಕ್ಕೆ ಎತ್ತಿದ. ಫ್ರೀಜರ್ ಓರೆಯಾಗಿ ಎದ್ದು, ಗೋಡೆಯ ಸುಣ್ಣವನ್ನೂ ಮುಟ್ಟದೆ ತಿರುಗಿತು. ಮೆಟ್ಟಿಲುದ್ದಕ್ಕೂ ನಿಂತ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಬೆಟ್ಟಯ್ಯ ಶಿಳ್ಳೆ ಹಾಕಿದ. ಮುನಿತಾಯಮ್ಮ ಹೊಸ್ತಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನು.

ಸಾಗಿಸಿದ ಫ್ರೀಜರನ್ನು ಎರಡು ತಾಸು ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ ಎಂದು ಅಮರೇಶ ಹೇಳಿಕೊಟ್ಟ. ಹೊರಡುವಾಗ ಯಜಮಾನರು ತಟ್ಟೆ ಹಿಡಿದು ಬಂದರು. ಎಲೆ, ಅಡಿಕೆ, ಅದರ ಮೇಲೆ ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಸಮ ನೋಟು. ಹನುಮೇಶ ಹಿಂದೆ ಸರಿದ. “ಏರಿಸಿದ್ದಕ್ಕ ಬಿಲ್ಲಿನ್ಯಾಗ ಹಾಕ್ಯಾರ್ರಿ. ಇದು ಬ್ಯಾಡ್ರಿ.”

“ಅದು ಕೆಲ್ಸದ್ದು. ಇದು ಹೆಗಲಿಂದು. ತಗೊಳಪ್ಪ,” ಎಂದರು ಯಜಮಾನರು.

ಹನುಮೇಶ ಪಟ್ಟಿ ಬಿಚ್ಚುವಾಗ ಅವನ ಅಂಗಿ ಜಾರಿತ್ತು. ಬಲ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ. ಯಜಮಾನರು ತಮ್ಮ ಅಂಗಿಯ ಗುಂಡಿ ಬಿಚ್ಚಿ ತಮ್ಮದನ್ನೂ ತೋರಿಸಿದರು. ಇಬ್ಬರೂ ನಕ್ಕರು. ಬೆಳಿಗ್ಗೆ ಗೇಟಿನ ಆಚೆ ಈಚೆ ನಿಂತಿದ್ದವರು ಇವರೇ ಎಂದರೆ ನೋಡಿದವರು ನಂಬುತ್ತಿರಲಿಲ್ಲ.

ಹುಳಿ ಹಿಡಿದಿದ್ದ ಮೊದಲ ಟಬ್ಬನ್ನು ಮುನಿತಾಯಮ್ಮ ಎತ್ತಿ ಚೆಲ್ಲಿದರು, ಅಷ್ಟನ್ನು ಶನಿವಾರ ನಾವೆಲ್ಲ ಕೂತು ಮತ್ತೆ ಹಿತುಕಿದೆವು. ಭಾನುವಾರ ಬೆಳಗಿನ ಜಾವ ಮೂವತ್ತು ಕೆಜಿ ಬೇಳೆ ಮದುವೆ ಮನೆಗೆ ಹೋಯಿತು. ಮಧ್ಯಾಹ್ನ ಕಂಟ್ರಾಕ್ಟರ್ ಫೋನ್ ಮಾಡಿ, ಬೇಳೆ ಸಾರಿಗೆ ಜನ ಎರಡೆರಡು ಸಲ ಕೈ ಒಡ್ಡಿದರು, ಸಂಕ್ರಾಂತಿ ಕಳೆಯುವವರೆಗೂ ನಿಮ್ಮದೇ ಬೇಳೆ ಎಂದರು. ನಮ್ಮ ಸಂಘದಲ್ಲಿ ಈಗ ಹನ್ನೊಂದು ಜನ ಹಿತುಕುತ್ತಿದ್ದೇವೆ.

ಯಜಮಾನರು ರಾಹುಕಾಲ ಬಿಟ್ಟರೇ ಎಂದು ಕೇಳುತ್ತೀರಿ. ಎಲ್ಲಿ ಬಿಡುತ್ತಾರೆ. ಆದರೆ ಬುಕ್ ಮಾಡುವಾಗಲೇ, ಇಂಥ ಹೊತ್ತಿನ ಮೇಲೆ ಬನ್ನಿ ಎಂದು ಹೇಳುತ್ತಾರೆ. ಗೇಟಿನ ಪಕ್ಕ ಒಂದು ಮಡಕೆ ನೀರು, ಎರಡು ಸ್ಟೂಲು ಇಟ್ಟಿದ್ದಾರೆ. ಬೀದಿಯಲ್ಲಿ ಯಾರ ಮನೆಗೆ ಫ್ರಿಜ್ ಬಂದರೂ ಟೇಪು ಹಿಡಿದು ತಾವೇ ಹಾಜರ್.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಟಿಪ್ಸ್ ಕೊಡಲೇಬೇಕೆಂಬ ಕಾನೂನಿಲ್ಲ, ಕೈಲಾಗದಿದ್ದರೆ ಸಂಕೋಚವೂ ಬೇಡ. ಆದರೆ ಮಹಡಿ ಎಷ್ಟನೆಯದೆಂದು ಮೊದಲೇ ಹೇಳಿ, ದಾರಿ ತೆರವು ಮಾಡಿಡಿ, ಬಂದವರನ್ನು ಕಾಯಿಸಬೇಡಿ, ಕೇಳುವ ಮುಂಚೆ ನೀರು ಕೊಡಿ. ಮನಸ್ಸಿಗೆ ತೋಚಿದಷ್ಟು, ಒಂದು ಹೊತ್ತಿನ ಊಟಕ್ಕಾಗುವಷ್ಟಾದರೂ ಸರಿ, ಇಬ್ಬರಿಗೂ ಸಮನಾಗಿ ಅವರ ಕೈಯಲ್ಲೇ ಇಡಿ. ಮುಂದಿನ ಸಲ ನಿಮ್ಮ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಇಬ್ಬರು ನಿಂತಾಗ ಫ್ಯಾನ್ ನೋಡಬೇಡಿ. ಅವರ ಹೆಗಲು ನೋಡಿ.