ದಾಕ್ಷಾಯಣಿಯವರ ಅಳತೆ

ಗುರುವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ದಾಕ್ಷಾಯಣಿಯವರು ತುಮಕೂರಿನ ಬಟವಾಡಿಯ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಕಾರಿಡಾರಿನಲ್ಲಿ, ಆರಿದ ಕಾಫಿಯ ಲೋಟ ಹಿಡಿದು, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಅವರು ಕೂತು ಯೋಚಿಸಿದ್ದನ್ನು ಆರು ವರ್ಷಗಳಲ್ಲಿ ನಾನು ಕಂಡಿಲ್ಲ. "ಇರಿ, ಇರಿ" ಎಂದು ಎದುರಿನವರನ್ನು ನಿಲ್ಲಿಸಿ ತಾವು ಮುಂದೆ ಹೋಗಿಬಿಡುವುದು ಅವರ ರೂಢಿ. ಅವರ ಬಿಳಿ ಕೋಟಿನ ಜೇಬು ಬಾಗಿಲಿನ ಚಿಲಕಕ್ಕೆ ಸಿಕ್ಕಿ ಹರಿದು, ಹೊಲಿಸಿಕೊಂಡು, ಮತ್ತೆ ಅಲ್ಲೇ ಹರಿದಿದೆ.

ಅವರನ್ನು ಹೀಗೆ ಓಡಾಡಿಸುತ್ತಿದ್ದದ್ದು ಒಂದು ಟೆಂಪ್ಲೇಟ್. ಎರಡು ಮಿದುಳುಗಳು ಒಂದೇ ಆಕಾರದಲ್ಲಿರುವುದಿಲ್ಲವಾದ್ದರಿಂದ, ಮರೆವಿನ ಕಾಯಿಲೆಯಲ್ಲಿ ಎಲ್ಲಿ ಎಷ್ಟು ಸವೆದಿದೆ ಎಂದು ಹೋಲಿಸುವ ಮೊದಲು ಕಂಪ್ಯೂಟರು ಪ್ರತಿಯೊಂದನ್ನೂ ಹಿಗ್ಗಿಸಿ, ಕುಗ್ಗಿಸಿ, ಟೆಂಪ್ಲೇಟ್ ಎಂಬ ಒಂದು ಸರಾಸರಿ ಮಿದುಳಿಗೆ ಹೊಂದಿಸುತ್ತದೆ. ನಮ್ಮಲ್ಲಿದ್ದ ಸರಾಸರಿ ವಿದೇಶದ ಯುವಕರದು. ಅದರ ಪಕ್ಕದಲ್ಲಿ ಕುಣಿಗಲ್ಲಿನ ಗಟ್ಟಿಮುಟ್ಟಾದ ಅಜ್ಜಂದಿರೂ ರೋಗಿಗಳಂತೆ ಕಾಣುತ್ತಿದ್ದರು. "ಮೊಮ್ಮಗಳ ಅಳತೆ ರವಿಕೆ ಕೊಟ್ಟು ಅಜ್ಜೀಗೆ ಹೊಲಿಸ್ತಾರೇನ್ರೀ?" ಎಂದು ಸಭೆಯಲ್ಲಿ ಕೇಳಿದ ದಾಕ್ಷಾಯಣಿಯವರು, ಆರೋಗ್ಯವಂತ ವೃದ್ಧರ ಅರವತ್ತು ಸ್ಕ್ಯಾನ್‌ಗಳಿಂದ ನಮ್ಮದೇ ಟೆಂಪ್ಲೇಟ್ ಮಾಡುವ ಹಠ ಹಿಡಿದರು. ಒಂದು ಕಡಿಮೆಯಾದರೂ ಹಳೆಯದೇ ಗತಿ ಎಂದಿತು ಸೆಂಟರಿನ ಸಂಶೋಧನಾ ಸಮಿತಿ. ಗಡುವು ಆ ಗುರುವಾರವೇ.

ಕಾಯಿಲೆಯಿಲ್ಲದವರು ಬರುವುದೇ ಕಷ್ಟ. ಗುಬ್ಬಿಯ ಮಂಜುಳಮ್ಮ, "ಚೆನ್ನಾಗಿರೋ ತಲೇನ ಮಿಷಿನ್ನಿಗೆ ಯಾಕವ್ವ ಹಾಕಾನ?" ಎಂದು ನಕ್ಕು ನಮ್ಮನ್ನು ಬಾಗಿಲಿಂದಲೇ ವಾಪಸ್ಸು ಕಳಿಸಿದ್ದರು. ಕೊನೆಗೆ ಆ ಗುರುವಾರ ಬೆಳಿಗ್ಗೆ, ಅರವತ್ತನೆಯವರಾಗಿ, ಮಾರ್ಕೋನಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು ಚಿಕ್ಕರಂಗಯ್ಯ ತಮ್ಮ ಹೆಂಡತಿ ಕದರಮ್ಮನನ್ನು ಕರೆತಂದರು.

ಸ್ಕ್ಯಾನಿಗೆ ಮೊದಲು ನೆನಪಿನ ಪರೀಕ್ಷೆ: ಇವತ್ತು ಯಾವ ವಾರ, ಇದು ಯಾವ ಊರು, ಆಮೇಲೆ ನಾವು ಹೇಳಿದ ಮೂರು ಪದ ನೆನಪಿಟ್ಟು ಹೇಳಬೇಕು. ಪ್ರಶ್ನೆ ಕೇಳುವ ಮುಂಚೆಯೇ ಕದರಮ್ಮ ಕಣ್ಣುಮುಚ್ಚಿ ಒಪ್ಪಿಸಿದರು: "ಸೋಮವಾರ. ತುಮಕೂರು. ಚೊಂಬು, ಬೀಗ, ಹುಣಸೆಹಣ್ಣು."

ಸೋಮವಾರ ಇದೇ ಪರೀಕ್ಷೆಗೆ ಬಂದು ಹೋಗಿದ್ದವರು ಅವರ ಪಕ್ಕದ ಮನೆಯ ಸದಾಶಿವಯ್ಯ. ಅವರಿಂದ ಪ್ರಶ್ನೆ, ಉತ್ತರ ಎರಡನ್ನೂ ತಿಳಿದುಕೊಂಡ ಮೇಷ್ಟ್ರು ಎರಡು ದಿನ ಹೆಂಡತಿಗೆ ಪಾಠ ಮಾಡಿದ್ದರು.

"ಯಾಕೆ ಮೇಷ್ಟ್ರೇ?" ಎಂದರು ದಾಕ್ಷಾಯಣಿ.

"ಚೆನ್ನಾಗಿರೋರ್ನೇ ತಗೋಳೋದು ಅಂದ್ರಲ್ಲವ್ವ. ಮೊನ್ನೆ ನನ್ನೇ ಯಾರಪ್ಪ ನೀನು ಅಂದ್ಲು. ಏನಾಗೈತೆ ಅಂತ ನೋಡಿಸ್ಬೇಕಿತ್ತು."

"ತಪ್ಪಾಯ್ತಾ? ಇನ್ನೊಂದ್ಸಲ ಒಪ್ಪಿಸ್ಲಾ?" ಕದರಮ್ಮ ಕೇಳಿದರು.

"ಬುಡು, ಚೆನ್ನಾಗೇ ಒಪ್ಪಿಸ್ದೆ" ಎಂದರು ಮೇಷ್ಟ್ರು, ಗೋಡೆ ನೋಡುತ್ತಾ.

ಕದರಮ್ಮನ ಸ್ಕ್ಯಾನ್ ಆಯಿತು. ದಾಕ್ಷಾಯಣಿಯವರು ಅವರ ಹೆಸರನ್ನು ರೋಗಿಗಳ ಪಟ್ಟಿಯಲ್ಲಿ ಬರೆದು, ನರರೋಗ ತಜ್ಞರಿಗೆ ತಾವೇ ಫೋನ್ ಮಾಡಿ ಸಮಯ ಗೊತ್ತುಮಾಡಿದರು.

ನಾನು ಮೆಲ್ಲಗೆ ಹೇಳಿದೆ: "ಒಂದೇ ಒಂದು ಸ್ಕ್ಯಾನ್ ಮೇಡಂ, ಸೇರಿಸಿಬಿಡೋಣ. ಅಷ್ಟು ಜನರ ಸರಾಸರಿಯಲ್ಲಿ ಕರಗಿಹೋಗುತ್ತೆ."

"ಕರಗೋದು ಅಂದ್ರೆ ಒಳಗೇ ಇರೋದು ಕಣ್ರೀ" ಎಂದು ಮತ್ತೆ ನಡೆಯತೊಡಗಿದರು.

ಅಳತೆಗೋಲನ್ನೇ ಅಳೆಯುವ ಇಂಥವರ ಜೊತೆ ಕೆಲಸ ಮಾಡುವುದು ನೆಮ್ಮದಿಯ ಮಾತಲ್ಲ. ಅವರ ಶ್ರಮ ಫಲಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ತಡವಾದರೆ ಮಾತ್ರ ಎಲ್ಲರಿಗೂ ಕಾಣುತ್ತದೆ, ಮತ್ತು ಅವರ ಪಕ್ಕದಲ್ಲಿ ನಿಂತವನಿಗೆ ತನ್ನ ಸಣ್ಣ ರಾಜಿಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ. ಸಮಿತಿ ಇನ್ನೂ ತೀರ್ಮಾನ ತಿಳಿಸಿಲ್ಲ. ಆ ಸಂಜೆ ಅದರ ಅಧ್ಯಕ್ಷರು ಫೋನಿನಲ್ಲಿ, "ಅರವತ್ತು ಆಯ್ತಲ್ಲ ಮೇಡಂ?" ಎಂದಾಗ, ನಾವೆಲ್ಲ ನೋಡುತ್ತಿರುವಂತೆ, ದಾಕ್ಷಾಯಣಿಯವರು ಹೇಳಿದ್ದು: "ಐವತ್ತೊಂಬತ್ತು."