ಹೊಲಿಗೆ ಯಂತ್ರದ ಮುಚ್ಚಳದೊಳಗಿನ ತುಪ್ಪ

ನಾನು ದರ್ಜಿ. ಒಮ್ಮೆ ಎಷ್ಟು ಜೋರಾಗಿ ಯಂತ್ರ ತುಳಿದೆನೆಂದರೆ, ಅಂಗಿಯ ಜೊತೆಗೆ ಗಿರಾಕಿಯ ನೆರಳನ್ನೂ ಸೇರಿಸಿ ಹೊಲಿದುಬಿಟ್ಟೆ. ಪಾಪ, ಹೊಲಿಗೆ ಬಿಚ್ಚುವವರೆಗೆ ಆತ ಬಾಗಿಲು ದಾಟಲಾಗದೆ ಕೂತಿದ್ದ. ನಂಬಿಕೆ ಬರದಿದ್ದರೆ ನನ್ನ ಮೊಮ್ಮಗಳು ಗುಂಡಿಯನ್ನು ಕೇಳಿ. ಅವಳೂ ನಂಬುವುದಿಲ್ಲ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳೆಂದು ಆ ಹೆಸರು. ಈಗ ಆರು ವರ್ಷ.

ಅಂಗಡಿಯ ಹಿಂದಿನ ಕಿಟಕಿಕಟ್ಟೆಯ ಮೇಲೆ, ಹಲಗೆಯೊಂದರ ಮೇಲೆ ಬೋರಲಾಗಿ, ಹಳೇ ಹೊಲಿಗೆ ಯಂತ್ರದ ಮರದ ಮುಚ್ಚಳ ಕೂತಿತ್ತು. ಯಂತ್ರ ಎಂದೋ ಗುಜರಿಗೆ ಹೋಗಿತ್ತು. ಮುಚ್ಚಳಕ್ಕೊಂದು ಬೀಗದ ತೂತು. ಹೂ ಬಿಡುವ ಕಾಲಕ್ಕೆ ಜೇನಿನ ಸಂಸಾರವೊಂದು ಹೇಳದೆ ಕೇಳದೆ ಆ ತೂತಿನಿಂದ ಒಳಗೆ ನುಗ್ಗಿ ಬಿಡಾರ ಹೂಡಿತು.

ನಮ್ಮ ಪಕ್ಕದ್ದು ಬೇಕರಿ. ಅಲ್ಲಿನ ಸಕ್ಕರೆಪಾಕದ ತಟ್ಟೆಗೆ ಜೇನು ಮುತ್ತತೊಡಗಿದವು. ಒಂದು ಜೇನು ಬೇಕರಿಯವನ ಮೂಗಿಗೇ ಕುಟುಕಿತು. ಮೂಗು ಬನ್ನಿನಷ್ಟು ಊದಿತು. ಯಾರೋ ಮುದುಕಿ ಬನ್ನೆಂದೇ ತಿಳಿದು ಅದಕ್ಕೆ ಬೆಣ್ಣೆ ಹಚ್ಚಲು ಹೋದಳಂತೆ. ಅವನ ಸಿಟ್ಟು ನೆತ್ತಿಗೇರಿತು. ಸಂಜೆ ನಾಲ್ಕಕ್ಕೆ ಸೀಮೆಎಣ್ಣೆ ಡಬ್ಬಿ, ಚಿಂದಿ ಸುತ್ತಿದ ಕೋಲು ಹಿಡಿದು ಬಂದೇಬಿಟ್ಟ.

"ಯಜಮಾನ್ರೇ, ನೀವು ಸುಡ್ತೀರೋ, ನಾನೇ ಸುಡ್ಲೋ?"

ಗುಂಡಿ ಕೈ ಅಗಲಿಸಿ ಮುಚ್ಚಳಕ್ಕೆ ಅಡ್ಡ ನಿಂತಳು.

ನನ್ನ ಮಗಳು, ಅಂದರೆ ಗುಂಡಿಯ ಸೋದರತ್ತೆ, ಗುಡ್ಡದಾಚೆ ಹೂಗಿಡ ಬೆಳೆಸುತ್ತಾಳೆ. ನಾಲ್ಕು ಜೇನುಪೆಟ್ಟಿಗೆಯನ್ನೂ ಇಟ್ಟಿದ್ದಾಳೆ. ಮಧ್ಯಾಹ್ನವೇ ಅವಳಿಗೆ ಫೋನ್ ಮಾಡಿದ್ದೆ. "ಅಪ್ಪಾ, ಹಗಲಲ್ಲಿ ಮುಟ್ಬೇಡ. ಅರ್ಧ ಮನೆ ಹೂವಿನ ಹತ್ರ ಇರುತ್ತೆ. ಹೊತ್ತು ಮುಳುಗಿ ಎಲ್ಲಾ ಒಳಗೆ ಸೇರಿದ್ಮೇಲೆ ತೂತಿಗೆ ಜಾಳು ಬಟ್ಟೆ ಕಟ್ಟಿ ಇಲ್ಲಿಗೆ ತಗೊಂಡ್ಬಾ," ಎಂದಿದ್ದಳು.

ಹೊತ್ತು ಮುಳುಗಲು ಇನ್ನೂ ಎರಡೂವರೆ ಗಂಟೆ. ಅಲ್ಲಿಯವರೆಗೆ ಬೇಕರಿಯವನನ್ನು ಹಿಡಿದಿಡಬೇಕು. ನನ್ನ ಹತ್ತಿರ ಇದ್ದ ಹಗ್ಗವೆಂದರೆ ನಾಲಿಗೆ ಒಂದೇ.

ಪುಣ್ಯಕ್ಕೆ ಗುಂಡಿಯೇ ಶುರುಮಾಡಿದಳು. "ತಾತ, ಇವು ಹಸು ಎಲ್ಲಿ ಕಟ್ಟಿವೆ?"

"ಯಾವ ಹಸುವೇ?"

"ಜೇನುತುಪ್ಪ ಅಂತೀರಲ್ಲ? ತುಪ್ಪಕ್ಕೆ ಬೆಣ್ಣೆ ಬೇಕು, ಬೆಣ್ಣೆಗೆ ಮೊಸರು, ಮೊಸರಿಗೆ ಹಾಲು. ಹಸು ಇಲ್ದೆ ಹಾಲು ಎಲ್ಲಿಂದ ಬರುತ್ತೆ?"

ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ. ನಗಲು ಡಬ್ಬಿಯನ್ನು ಕೆಳಗಿಟ್ಟ. ನಾನು ಸ್ಟೂಲ್ ಎಳೆದು ಕೊಟ್ಟೆ.

"ನಗ್ಬೇಡಪ್ಪಾ. ಹಸು ಇದೆ. ನಾನೇ ಒಳಗೆ ಹೋಗಿ ನೋಡ್ಕೊಂಡು ಬಂದಿದ್ದೀನಿ."

"ಈ ಹೊಟ್ಟೆ ಆ ತೂತಲ್ಲಿ ತೂರಿತಾ?"

"ಸೂಜಿಗೆ ಪೋಣಿಸೋ ಮುಂಚೆ ದಾರದ ತುದಿ ಹೊಸೀತೀವಲ್ಲ? ನಿನ್ನೆ ಊಟ ಆದ್ಮೇಲೆ ಮುಚ್ಚಳಕ್ಕೆ ಕಿವಿ ಕೊಟ್ಟು ಒರಗಿದ್ದೆ. ಒಳಗಿನ ಗುಂಯ್ ಅನ್ನೋ ಸದ್ದು ನನ್ನನ್ನ ಹೊಸೀತಾ ಹೊಸೀತಾ ಎಳೆಯಷ್ಟು ಸಣ್ಣ ಮಾಡ್ತು. ಸರ್ರನೆ ಒಳಗೆ ಹೋದೆ."

ಒಳಗೆ ಕತ್ತಲಿತ್ತು, ಆದರೆ ಬೆಚ್ಚಗಿನ, ಹೊಂಬಣ್ಣದ ಕತ್ತಲು. ಬಾಗಿಲಲ್ಲೇ ಕಾವಲಿನ ಜೇನೊಂದು ನನ್ನನ್ನು ಮೂಸಿ, "ನಮ್ಮನೆ ವಾಸನೆ ಇಲ್ವಲ್ಲ?" ಎಂದಿತು. "ಮನೆ ಕೊಟ್ಟವನೇ ನಾನು ಕಣಮ್ಮಾ," ಎಂದಮೇಲೆ ಬಿಟ್ಟಿತು. ಮೇಲಿನಿಂದ ಮೇಣದ ಪರದೆಗಳು ಸಾಲಾಗಿ ಇಳಿಬಿದ್ದಿದ್ದವು. ಅವುಗಳ ತುಂಬ ಆರು ಮೂಲೆಯ ಪುಟ್ಟ ಕೋಣೆಗಳು. ಟೇಪಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ. ಆದರೂ ಒಂದು ಗೋಡೆಯೂ ಎಳೆಯಷ್ಟು ಆಚೀಚೆ ಇಲ್ಲ! ಮೇಣ ಎಲ್ಲಿಂದ ತಂದಿರೆಂದು ಕೇಳಿದರೆ, ಒಬ್ಬಳು ತನ್ನ ಹೊಟ್ಟೆಯಡಿಯಿಂದಲೇ ತೆಳ್ಳನೆ ಬಿಲ್ಲೆಯೊಂದನ್ನು ತೆಗೆದು, ಅಗಿದು, ಗೋಡೆಗೆ ಮೆತ್ತಿ ತೋರಿಸಿದಳು.

"ಹುಟ್ಟಿದ ದಿನವೇ ಕೋಣೆ ಗುಡಿಸಿದೆ," ಎಂದಳು ಅವಳು. "ಆಮೇಲೆ ಮರಿಗಳಿಗೆ ಉಣಿಸಿದೆ. ಈಗ ಗೋಡೆ ಕಟ್ತೀನಿ. ಮುಂದೆ ಬಾಗಿಲು ಕಾಯ್ತೀನಿ. ಕೊನೆಗೆ ಹೂವಿಗೆ ಹೋಗ್ತೀನಿ."

ನಡುವೆ ಉದ್ದ ಮೈಯ ರಾಣಿ, ಇವರೆಲ್ಲರ ಅಮ್ಮ, ಕೋಣೆಗೊಂದರಂತೆ ಮೊಟ್ಟೆಯಿಡುತ್ತ ನಡೆದಿದ್ದಳು. ದಿನಕ್ಕೆ ಸಾವಿರ ದಾಟುತ್ತದಂತೆ. ಹೆಸರಿಗೆ ರಾಣಿ, ಕೂರಲು ಪುರುಸೊತ್ತಿಲ್ಲ.

"ಗಂಡುಗಳು ಏನ್ ಮಾಡ್ತವೆ ತಾತ?" ಗುಂಡಿ ಕೇಳಿದಳು.

"ತಿಂತವೆ, ಹೊರಗೆ ಸುತ್ತಾಡ್ಕೊಂಡು ಬರ್ತವೆ."

"ಅದನ್ನ ಒಳಗೆ ಹೋಗೇ ನೋಡ್ಬೇಕಿತ್ತಾ? ಕನ್ನಡಿ ಸಾಕಿತ್ತು," ಎಂದಳು ನನ್ನ ಹೆಂಡತಿ ಒಳಮನೆಯಿಂದ. ಬೇಕರಿಯವನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಜರುಗಿಸಿಕೊಂಡ.

ಅಷ್ಟರಲ್ಲಿ ಹೊರಗಿನಿಂದ ಬಂದ ಜೇನೊಂದು ಸೊಂಟ ಕುಣಿಸುತ್ತ ನೆಟ್ಟಗೆ ಓಡಿತು, ಸುತ್ತಿ ಬಂದು ಮತ್ತೆ ಓಡಿತು. ದಾರಿ ಕೇಳಿದರೆ ನಾವು ಕೈ ತೋರಿಸುತ್ತೇವೆ. ಇವರು ಸೊಂಟ ತೋರಿಸುತ್ತಾರೆ. ಎಷ್ಟು ದೂರ, ಯಾವ ದಿಕ್ಕು, ಎಲ್ಲ ಅದರಲ್ಲೇ.

"ಎಲ್ಲಿಗೆ ದಾರಿ?" ಎಂದೆ.

"ನಮ್ಮ ಹಸುಗಳ ಹತ್ರ," ಎಂದಳು ಗೋಡೆ ಕಟ್ಟುವವಳು. "ಹೂವೇ ನಮ್ಮ ಹಸು. ಓಡಿಹೋಗಲ್ಲ, ಒದೆಯಲ್ಲ."

ಹೂವಿನ ರಸ ಹಾಲಿಗಿಂತ ತೆಳು, ಬರೀ ನೀರುನೀರು. ಹೂವಿಗೆ ಹೋದವಳು ಹೀರಿದ್ದನ್ನು ಹೊಟ್ಟೆಯೊಳಗಿನ ಬೇರೊಂದು ಚೀಲದಲ್ಲಿ ಹೊತ್ತು ತಂದು, ಮನೆಯಲ್ಲಿದ್ದವಳ ಬಾಯಿಗೆ ಕೊಟ್ಟಳು. ಅವಳು ಇನ್ನೊಬ್ಬಳಿಗೆ. ಬಾಯಿಂದ ಬಾಯಿಗೆ ಹೋಗುವಾಗ ತಮ್ಮ ಜೊಲ್ಲನ್ನೇ ಹೆಪ್ಪಿನಂತೆ ಬೆರೆಸಿದರು. ಆಮೇಲೆ ಕೋಣೆಗಳಿಗೆ ಸುರಿದು, ಸಾಲಾಗಿ ನಿಂತು ರೆಕ್ಕೆ ಬೀಸತೊಡಗಿದರು. ನೀರು ಆರಿತು, ರಸ ಗಟ್ಟಿಯಾಯಿತು, ಬಣ್ಣ ತಿರುಗಿತು. ತುಪ್ಪವಾಯಿತೆಂದು ಗೊತ್ತಾದೊಡನೆ ಮೇಣದ ಮುಚ್ಚಳ ಹಾಕಿದರು. ಹೂವಿಲ್ಲದ ದಿನಗಳಿಗೆ ಅದೇ ಊಟ.

"ನಾನು ಪಾಕ ಕಾಯಿಸೋ ಹಾಗೇ," ಎಂದ ಬೇಕರಿಯವನು ಮೆಲ್ಲಗೆ. "ಆದ್ರೆ ಒಲೆ ಇಲ್ದೇನೇ?"

"ಕಿವಿ ಇಡಿ ಬನ್ ಮಾಮ," ಎಂದಳು ಗುಂಡಿ.

ಅವನು ಮೂಗನ್ನು ಕೈಯಲ್ಲಿ ಮುಚ್ಚಿಕೊಂಡು ಕಿವಿ ಇಟ್ಟ. ಮರ ಬೆಚ್ಚಗಿತ್ತು. ಗುಂಯ್ ಎನ್ನುವ ಸದ್ದು ಅವನ ಕೆನ್ನೆಯಲ್ಲಿ ನಡುಗಿತು. ಕಣ್ಣು ತಾನಾಗಿ ಮುಚ್ಚಿತು. ಕಿಟಕಿಯ ಬಿಸಿಲು ಬಟ್ಟೆಗಳ ಮೇಲಿಂದ ಜಾರಿ ಕತ್ತರಿಯ ಮೇಲೆ, ಕತ್ತರಿಯಿಂದ ನೆಲಕ್ಕೆ ಇಳಿಯಿತು. ನಾನೂ ಸುಮ್ಮನಾದೆ. ನಾನು ಸುಮ್ಮನಾದದ್ದು ಅದೇ ಮೊದಲೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

"ಒಂದು ಜೇನು ಎಷ್ಟು ತುಪ್ಪ ಮಾಡುತ್ತೆ?" ಕಣ್ಣು ತೆರೆಯದೆಯೇ ಕೇಳಿದ.

"ಬದುಕೆಲ್ಲ ದುಡಿದ್ರೂ ಚಮಚದ ತಳ ಒದ್ದೆ ಆಗೋಷ್ಟು."

ಅವನು ಎದ್ದು ಕೂತ. ಕಿವಿಯಲ್ಲಿದ್ದ ಮೈದಾಹಿಟ್ಟು ಮುಚ್ಚಳದ ಮೇಲೆ ಬೆಳ್ಳಗೆ ಅಚ್ಚೊತ್ತಿತ್ತು. ಕಾಲಿನಿಂದ ಸೀಮೆಎಣ್ಣೆ ಡಬ್ಬಿಯನ್ನು ಮೇಜಿನಡಿಗೆ ತಳ್ಳಿದ. "ಬೆಳಗಿನ ಜಾವ ಏಳ್ತೀನಿ ಅಂತ ನಾನು ಜಂಬ ಪಡ್ತಿದ್ನಲ್ಲಪ್ಪಾ!"

"ಹಸು ಇರೋರ ಮನೇಲಿ ಸಂಜೆ ಎಲ್ಲಾ ಕೊಟ್ಟಿಗೆಗೆ ಬರ್ತವಲ್ಲ, ಹಾಗೇ ಇವೂ ಬರ್ತವೆ," ಎಂದಳು ಗುಂಡಿ. "ಬಂದ್ಮೇಲೆ ಅತ್ತೆ ಮನೆಗೆ ಕಳಿಸ್ಬೇಕು. ಆದ್ರೆ ನಮ್ಮತ್ರ ಗಾಡಿ ಇಲ್ಲ."

ಬೇಕರಿಯವನು ಮೂಗು ಸವರಿಕೊಂಡ. "ಬ್ರೆಡ್ಡಿನ ವ್ಯಾನ್ ಸಂಜೆ ಖಾಲೀನೇ ಇರುತ್ತೆ."

ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಜೇನುಗಳು ಒಂದೊಂದಾಗಿ ಬಂದು ತೂತಿನೊಳಗೆ ಜಾರಿದವು. ನಾನು ಮುಚ್ಚಳವನ್ನೂ ಹಲಗೆಯನ್ನೂ ಲಾಡಿಯಿಂದ ಬಿಗಿದೆ. ಗುಂಡಿ ಜಾಳು ಬಟ್ಟೆಯ ತುಂಡು ಹಿಡಿದು ಕಾದಳು. ಬಹಳ ಹೊತ್ತು ಯಾರೂ ಬರಲಿಲ್ಲ.

"ಮುಚ್ಚು," ಎಂದೆ.

"ತಡೀರಿ ಯಜಮಾನ್ರೇ!" ಬೇಕರಿಯವನು ನನ್ನ ಕೈ ಹಿಡಿದ. "ಇನ್ನೊಂದು ಬರ್ತಿದೆ."

ಕಾಲುಗಳಿಗೆ ಹಳದಿ ಪರಾಗ ಮೆತ್ತಿಕೊಂಡು, ಸುಸ್ತಾಗಿ ತೇಲುತ್ತ ಬಂತು. ಅವನ ಮೂಗಿನ ಮುಂದೆಯೇ ಹಾದುಹೋಯಿತು. ಅವನು ಉಸಿರೂ ಬಿಡಲಿಲ್ಲ. ಅದು ಒಳಗೆ ಹೋದಮೇಲೆ ಅವನೇ ಬಟ್ಟೆ ತೆಗೆದುಕೊಂಡು ತೂತು ಮುಚ್ಚಿದ.

ವ್ಯಾನಿನಲ್ಲಿ ಮುಚ್ಚಳದ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಗುಂಡಿ. ಬ್ರೆಡ್ಡಿನ ವಾಸನೆ, ಮೇಣದ ವಾಸನೆ, ಕೈಯಡಿಯಲ್ಲಿ ಗುಂಯ್ ಎನ್ನುವ ಬೆಚ್ಚಗಿನ ನಡುಕ.

"ತಾತ, ಅದ್ರಲ್ಲಿ ಸುಳ್ಳು ಎಷ್ಟು?"

"ನಾನು ಒಳಗೆ ಹೋಗಿದ್ದು ಸುಳ್ಳಿರಬಹುದು ಕಣೇ. ಒಳಗಿರೋದೆಲ್ಲ ನಿಜ."

ಅವಳು ನನ್ನ ತೋಳಿಗೆ ಒರಗಿ ಕಣ್ಣು ಮುಚ್ಚಿದಳು. ಗುಡ್ಡದ ದಾರಿಯಲ್ಲಿ ವ್ಯಾನ್ ಆಮೆಗಿಂತ ನಿಧಾನವಾಗಿ ಹತ್ತುತ್ತಿತ್ತು.

"ಸ್ವಲ್ಪ ಬೇಗ ಓಡಿಸಪ್ಪಾ," ಎಂದೆ.

"ಸುಮ್ನಿರಿ," ಎಂದ ಬೇಕರಿಯವನು. "ತುಪ್ಪ ತುಳುಕುತ್ತೆ."